ಮೀಟರಣ್ಣನ ಕೂಗು

ಸತ್ತವರ ಅಕ್ಕ ಕುಟ್ಟಾಣಿಯ ಗುಂಡಿನಿಂದ ಕಿಟಕಿಯ ಚಿಲಕಕ್ಕೆ ಮತ್ತೊಂದು ಏಟು ಹಾಕಿದಾಗ ತುಕ್ಕಿನ ಪುಡಿ ಉದುರಿ, ಹೆಣಕ್ಕೆ ಹೊದಿಸಿದ್ದ ಬಿಳಿ ಬಟ್ಟೆಯ ಅಂಚಿನ ಮೇಲೆ ಬಿತ್ತು. ಚಿಲಕ ಮಾತ್ರ ಮಿಸುಕಲಿಲ್ಲ.

"ಏನೇ ಇದು, ಮನೆ ಕಟ್ಟಿದಾಗಿಂದ ಈ ಕಿಟಕಿ ತೆಗ್ದೇ ಇಲ್ವೇನೆ ನೀವು? ಅವನಿಗಂತೂ ಇನ್ನು ಗಾಳಿ ಬೇಡ. ಕೂತಿರೋ ನಮಗಾದ್ರೂ ಬೇಡ್ವಾ?"

"ಬಿಡಿ ಅತ್ತೆ," ಎಂದಳು ಮಗಳು ಗೋಡೆಗೆ ಒರಗಿಕೊಂಡೇ. "ಅದು ಮುಚ್ಚಿರೋ ಕಿಟಕಿ. ತೆಗೆದ್ರೆ ಎದುರುಮನೆ ಕಾಣುತ್ತೆ."

"ಎದುರುಗಡೆ ಕಿಟಕಿ ತೆಗೆದ್ರೆ ಎದುರುಮನೆ ಕಾಣ್ದೆ ಹಿಂದಿನ ಮನೆ ಕಾಣುತ್ತಾ?"

ಯಾರೋ ನಕ್ಕರು, ನಕ್ಕದ್ದಕ್ಕೆ ಕೆಮ್ಮಿದರು. ಅತ್ತೆ ದೂರದ ಊರಿನವಳು. ಈ ಬೀದಿಯಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ತಮ್ಮ ತಮ್ಮ ಕಾಲ ಬೆರಳು ನೋಡಿಕೊಂಡರು.

ಹೆಂಡತಿ ಹೆಣದ ಕಾಲ ಬುಡದಲ್ಲಿ ಕೂತಿದ್ದಳು. ಅವಳ ಕೈಯಲ್ಲಿ ಹೊಲಿಗೆಯ ದಪ್ಪ ಸೂಜಿ ಇತ್ತು. ಅಂದು ಬೆಳಕು ಹರಿಯುವ ಮುಂಚೆ, ಅವಳ ಗಂಡ ಕೆರೆಗೆ ಹೊರಡಲೆಂದು ಬಾಗಿಲ ಮೆಟ್ಟಿಲ ಮೇಲೆ ಕೂತು ಬಲಗಾಲಿಗೆ ಶೂ ಕಟ್ಟಿಕೊಂಡವರು ಎಡಗಾಲಿನದನ್ನು ಕೈಯಲ್ಲಿ ಹಿಡಿದೇ ಒಂದು ಪಕ್ಕಕ್ಕೆ ವಾಲಿದ್ದರು. ಪೊದೆಗೆ ಸಿಕ್ಕದಿರಲೆಂದು ಅವರು ಲಾಡಿಗೆ ಗಂಟಿನ ಮೇಲೆ ಗಂಟು ಹಾಕುತ್ತಿದ್ದರು. ಆ ಗಂಟನ್ನು ಬಂದವರಲ್ಲಿ ಯಾರಿಗೂ ಬಿಚ್ಚಲು ಆಗಿರಲಿಲ್ಲ. ಕತ್ತರಿಸಿಬಿಡೋಣ ಎಂದರೆ ಅವಳು ಬೇಡವೆಂದಳು. ಸೂಜಿಯ ಮೊನೆಯಿಂದ ಎಳೆ ಎಳೆಯಾಗಿ ಮೀಟುತ್ತಿದ್ದಳು. ಶೂವಿನ ಅಂಚಿನಲ್ಲಿ ಹಿಂದಿನ ಭಾನುವಾರದ ಕೆರೆಯ ಕೆಸರು ಒಣಗಿ ಬಿಳಿಚಿಕೊಂಡಿತ್ತು.

"ಅಳಿಯಂದ್ರು ಬಂದ್ರೆ ಹೊರಡೋದೇ," ಎಂದು ಬಾಗಿಲಲ್ಲಿ ತಲೆ ಹಾಕಿದ ಶವದ ಗಾಡಿಯ ಚಾಲಕ. "ಮಗೂನೂ ಕರ್ಕೊಂಡು ಬರ್ತಾರೇನೋ?"

"ಇಲ್ಲ. ಅವಳು ಆ ಕಡೆ ಅಜ್ಜಿ ಹತ್ರ ಇರ್ತಾಳೆ," ಎಂದಳು ಮಗಳು.

ಅವಳು ಅದನ್ನು ಹೇಳಿದ ರೀತಿಗೆ ಸೂಜಿ ಜಾರಿ ತಾಯಿಯ ಬೆರಳಿಗೆ ಚುಚ್ಚಿತು.

*

ಸತ್ತವರು ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುತ್ತಿದ್ದವರು. ಮೀಟರುಗಳನ್ನು ಜನ ಮುಂಬಾಗಿಲಲ್ಲಿ ಇಟ್ಟುಕೊಳ್ಳುವುದಿಲ್ಲ. ಬಚ್ಚಲಿನ ಪಕ್ಕದ ಓಣಿ, ಬಟ್ಟೆ ಒಣಗುವ ಹಿತ್ತಿಲು, ಮೆಟ್ಟಿಲ ಕೆಳಗಿನ ಕತ್ತಲು, ಇಂಥ ಕಡೆ ಇರುತ್ತವೆ. ಆದ್ದರಿಂದ ಅವರ ಕೆಲಸ ಗೇಟಿನಲ್ಲೇ ಶುರುವಾಗುತ್ತಿತ್ತು. ಗೇಟು ಮುಟ್ಟುವ ಮುಂಚೆ "ಮೀಟರ್!" ಎಂದು ಕೂಗಬೇಕು. ಒಳಗಿನವರು ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ನಿಲ್ಲಬೇಕು. ಆಮೇಲೆ ನೆಲ ನೋಡುತ್ತ ಹೋಗಿ, ಅಂಕಿ ನೋಡಿ, ನೆಲ ನೋಡುತ್ತ ಬರಬೇಕು. ಆ ಕೂಗಿನಿಂದಲೇ ಬೀದಿ ಅವರಿಗೆ ಮೀಟರಣ್ಣ ಎಂದು ಹೆಸರಿಟ್ಟಿತ್ತು.

ಭಾನುವಾರ ಮಾತ್ರ ಅವರು ಬೇರೆ ಮನುಷ್ಯ. ಊರಾಚೆಯ ಕೆರೆಯ ಸುತ್ತ ಪಕ್ಷಿಗಳಿಗೆಂದು ಬೇಲಿ ಹಾಕಿ ಕಾದಿಟ್ಟ ಜಾಗವಿತ್ತು. ಮಣ್ಣಿನ ಬಣ್ಣದ ಅಂಗಿ ತೊಟ್ಟು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಅವರಂತೆಯೇ ಹುಚ್ಚು ಹಿಡಿದ ನಾಲ್ಕಾರು ಜನರ ಜೊತೆ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದರು. "ವಾರವೆಲ್ಲ ಬಾಯಿ ಬಿಟ್ಕೊಂಡು ಕಣ್ಣು ಮುಚ್ಚೋದು, ಭಾನುವಾರ ಬಾಯಿ ಮುಚ್ಕೊಂಡು ಕಣ್ಣು ಬಿಡೋದು. ಇಷ್ಟೇ ನನ್ನ ಜೀವನ," ಎಂದು ಊಟಕ್ಕೆ ಕೂತಾಗ ನಗುತ್ತಿದ್ದರು. ಹೆಂಡತಿಗೆ ಆ ನಗು ಇಷ್ಟವಾಗುತ್ತಿರಲಿಲ್ಲ. ಬೇರೆಯವರ ಗಂಡಂದಿರು ಭಾನುವಾರ ಚಪ್ಪರ ಕಟ್ಟುತ್ತಾರೆ, ಟ್ಯಾಂಕು ತೊಳೆಯುತ್ತಾರೆ. ಮೀಸೆ ಬೆಳ್ಳಗಾಗುತ್ತಿರುವ ಗಂಡಸು ಕೊಕ್ಕರೆಯ ಹಿಂದೆ ಹೋಗಿದ್ದಾನೆ ಎಂದು ತನ್ನ ಹತ್ತಿರ ಹೊಲಿಸಲು ಬಟ್ಟೆ ತರುವ ಹೆಂಗಸರಿಗೆ ಹೇಗೆ ಹೇಳುವುದು? "ಓವರ್‌ಟೈಮ್ ಇದೆ," ಎನ್ನುತ್ತಿದ್ದಳು.

*

ಗೇಟಿನ ಸದ್ದೇ ಆಗಿರಲಿಲ್ಲ. ಅಂಗಳದಲ್ಲಿ ಇಬ್ಬರು ಯಾವಾಗಿನಿಂದ ನಿಂತಿದ್ದರೋ ಯಾರಿಗೂ ಗೊತ್ತಾಗಲಿಲ್ಲ. ಒಬ್ಬಳು ಎತ್ತರದ ಹೆಂಗಸು, ಒಬ್ಬ ಬೊಕ್ಕತಲೆಯ ಗಂಡಸು. ಇಬ್ಬರದೂ ಒಣಗಿದ ಹುಲ್ಲಿನ ಬಣ್ಣದ ಬಟ್ಟೆ.

"ಯಾರಮ್ಮಾ, ಅರಣ್ಯ ಇಲಾಖೆಯೋರಾ?" ಎಂದಳು ಅತ್ತೆ.

"ಅಲ್ಲ, ನಾನು ಹಲ್ಲಿನ ಡಾಕ್ಟರು. ಇವರು ರಾತ್ರಿ ಬಸ್ಸಿನ ಡ್ರೈವರು," ಎಂದಳು ಆ ಹೆಂಗಸು ಪಿಸುಮಾತಿನಲ್ಲಿ. ಸಾವಿನ ಮನೆಯೆಂದು ತಗ್ಗಿಸಿದ ದನಿಯಲ್ಲ, ಅವರ ಮಾತೇ ಹಾಗೆ ಎಂದು ಆಮೇಲೆ ತಿಳಿಯಿತು. "ಮೀಟರಣ್ಣನ ಜೊತೆ ಕೆರೆಗೆ ಹೋಗೋರು. ಈ ಬಟ್ಟೇಲಿ ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಬಸ್‌ಸ್ಟಾಪಲ್ಲೇ ಸುದ್ದಿ ಗೊತ್ತಾಯ್ತು."

"ಅವರು ಲೇಟಾಗಿ ಬಂದಿದ್ದೇ ಇಲ್ಲ," ಎಂದ ಡ್ರೈವರು. "ಇವತ್ತು ಬಸ್ಸು ಬಿಟ್ವಿ. ಇನ್ನೊಂದು ಬಂತು, ಅದನ್ನೂ ಬಿಟ್ವಿ. ಆಗ್ಲೇ ನನ್ನ ಎದೆ ಅಳ್ಳಾಡಿತು."

ಅತ್ತೆ ಅವರನ್ನು ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿದಳು. "ಏನು ಮಾಡ್ತಿದ್ದ ನನ್ನ ತಮ್ಮ ಆ ಕೆರೆ ಹತ್ರ?"

"ಹಕ್ಕಿ ನೋಡ್ತಿದ್ವಿ."

"ನೋಡಿ?"

ಡಾಕ್ಟರು ಡ್ರೈವರನ ಮುಖ ನೋಡಿದಳು. "ನೋಡಿ... ಮನೆಗೆ ಬರ್ತಿದ್ವಿ."

ಈ ಸಲ ನಗು ಎಲ್ಲರಿಗೂ ಬಂತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಾನೂ ನಕ್ಕಳು. ಡ್ರೈವರನಿಗೆ ಧೈರ್ಯ ಬಂತು.

"ನನಗೆ ಗೂಬೆ ಅಂತ ಹೆಸರಿಟ್ಟಿದ್ದೇ ಅವರು. ರಾತ್ರಿಯೆಲ್ಲ ಎದ್ದಿರ್ತೀಯ, ಹಗಲು ಕಣ್ಣು ಕಾಣಲ್ಲ ಅಂತ. ನಾನು ಒಂಟಿ ಕಾಲಲ್ಲಿ ನಿಂತ ಬಕ ಅಂತ ಒಂದು ಕೊರಡಿನ ಫೋಟೋ ತೆಗೆದಿದ್ದೆ. ಮೂರು ವಾರ ಅದನ್ನೇ ಹೇಳಿ ನಗಿಸಿದ್ರು. ಆದ್ರೆ ಅಮ್ಮಾ, ಒಂದು ವಿಚಿತ್ರ ಇತ್ತು ಅವರಲ್ಲಿ."

"ಗೂಡಿನ ವಿಷಯಾನಾ?" ಎಂದಳು ಡಾಕ್ಟರು.

"ಹೂಂ, ಗೂಡು. ನಾವೆಲ್ಲ ಗೂಡು ಕಂಡ್ರೆ ಎದ್ದೂ ಬಿದ್ದೂ ಕ್ಯಾಮೆರಾ ಎತ್ತೋರು. ಇವರು ಗೂಡು ಕಂಡ ತಕ್ಷಣ ಬೆನ್ನು ತಿರುಗಿಸಿ ನಿಂತುಬಿಡೋರು. ಆಮೇಲೆ ಮೆಲ್ಲಗೆ, ಹೀಗೆ, 'ಮೀಟರ್' ಅನ್ನೋರು. ಯಾಕಣ್ಣ ಅಂದ್ರೆ, 'ಒಳಗಡೆ ಹೆಂಗಸರು ಮಕ್ಕಳು ಇರ್ತಾರಪ್ಪ, ಹೇಳ್ದೆ ನೋಡಬಾರದು' ಅನ್ನೋರು! ನಗು ನಗು ನಮಗೆಲ್ಲ."

ಡ್ರೈವರು ಒಬ್ಬನೇ ನಗುತ್ತಿದ್ದ. ಬೀದಿಯವರು ಯಾರೂ ನಗಲಿಲ್ಲ. ಪಕ್ಕದ ಮನೆಯಾಕೆ ಎದ್ದು ನೀರು ಕುಡಿಯಲು ಹೋದಳು. ಮಗಳ ಮುಖದಲ್ಲಿ ಬಣ್ಣ ಏರಿತು. ಅವಳು ಗೋಡೆ ಬಿಟ್ಟು ನಿಂತು, ಯಾರನ್ನೂ ನೋಡದೆ ಅಡುಗೆಮನೆಗೆ ಹೋದಳು.

ತಾಯಿಯ ಕೈಯಲ್ಲಿದ್ದ ಗಂಟು ಆಗಲೇ ಸಡಿಲವಾಗಿತ್ತು. ಅವಳು ಅದನ್ನು ಪೂರ್ತಿ ಬಿಚ್ಚಲಿಲ್ಲ.

*

ಎಷ್ಟೋ ವರ್ಷಗಳ ಹಿಂದಿನ ಆ ದಿನ ಅವರು ರಜೆ ಹಾಕಿದ್ದರು. ಮಗಳು ಇನ್ನೂ ಹೈಸ್ಕೂಲಿನಲ್ಲಿದ್ದಳು. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಾಗ ಅವರು ಕಿಟಕಿಯ ಹತ್ತಿರದಿಂದ ಕೈಬೀಸಿ ಕರೆದರು. ಕೂಗಿ ಕರೆಯಲಿಲ್ಲ. ಕೆರೆಯ ಬಳಿ ಕರೆಯುವಂತೆ, ಬೆರಳು ಮಡಚಿ, ಕಣ್ಣಿನಲ್ಲೇ.

ಎದುರುಮನೆಯ ಕಾಂಪೌಂಡಿನ ಒಳಗೆ, ಬಚ್ಚಲಿನ ಕಿಟಕಿಗೆ ಒತ್ತಿಕೊಂಡಂತೆ ಒಂದು ಅಂಜೂರದ ಗಿಡವಿತ್ತು. ಅದರ ಎರಡು ಅಗಲ ಎಲೆಗಳನ್ನು ಹೆಬ್ಬೆರಳಿನಷ್ಟಿರುವ ಸಿಂಪಿಗ ಹಕ್ಕಿಯೊಂದು ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಿತ್ತು. ಬರಿಗಣ್ಣಿಗೆ ಏನೂ ಕಾಣುವಂತಿರಲಿಲ್ಲ. ಅವರು ಕಿಟಕಿಯ ಸರಳುಗಳ ನಡುವೆ ಉದ್ದ ಲೆನ್ಸನ್ನು ಊರಿ ತೆಗೆದ ಚಿತ್ರವನ್ನು ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದರು.

"ನೋಡೇ ಇಲ್ಲಿ. ಹೊಲಿಗೆ ನೋಡು."

ಎಲೆಯ ಅಂಚಿನಲ್ಲಿ ತೂತು, ತೂತಿನಲ್ಲಿ ಎಳೆ. ಅವಳ ಮೆಷಿನ್ನಿನ ಕೆಳಗೆ ಬಿದ್ದು ಕಸದ ಜೊತೆ ಅಂಗಳಕ್ಕೆ ಹೋಗುವ ಕೆಂಪು ದಾರ.

"ನನ್ನ ದಾರ ಅಲ್ವಾ ಇದು?"

"ನಿಂದೇ. ನಿನ್ನ ಹತ್ರ ಕೇಳ್ದೇ ತಗೊಂಡು ಹೋಗಿದೆ ನೋಡು. ಹೊಲಿಗೆ ಮಾತ್ರ ನಿನಗಿಂತ ಚೆನ್ನಾಗಿದೆ."

ಅವಳು ಅವರ ತೋಳಿಗೆ ಮೆತ್ತಗೆ ಹೊಡೆದಳು. ಮತ್ತೆ ನೋಡಿದಳು. ಹಿಂದಿನ ಚಿತ್ರ, ಅದರ ಹಿಂದಿನ ಚಿತ್ರ. ಎಲ್ಲದರಲ್ಲೂ ಎಲೆ, ಹಕ್ಕಿ, ಕೆಂಪು ದಾರ. ಹಿಂದೆ ಕಿಟಕಿಯ ಮುಚ್ಚಿದ ನೀಲಿ ಬಾಗಿಲು ಮಬ್ಬಾಗಿ, ನೀರಿನಲ್ಲಿ ಕದಡಿದ ಬಣ್ಣದ ಹಾಗೆ. ಆ ಹೊತ್ತಿನಲ್ಲಿ ಅವಳಿಗೆ ಅವರ ಹುಚ್ಚು ಹುಚ್ಚೆನಿಸಲಿಲ್ಲ.

ಅವಳು ಮೆಷಿನ್ನಿಗೆ ಮರಳಿ ಕಾಲು ತುಳಿಯತೊಡಗಿದ ಸ್ವಲ್ಪ ಹೊತ್ತಿಗೆ ಎದುರುಮನೆಯಾಕೆ ಸ್ನಾನ ಮುಗಿಸಿ, ಹಬೆ ಹೋಗಲೆಂದು ಆ ನೀಲಿ ಬಾಗಿಲನ್ನು ತಳ್ಳಿದಳು. ಮುಖದ ನೇರಕ್ಕೆ ಲೆನ್ಸು ಕಂಡಿತು. ಅವಳ ಕಿರುಚಿಗೆ ಬೀದಿಯೇ ಬಾಗಿಲಿಗೆ ಬಂತು.

ಅವಳ ಗಂಡನಿಗೆ ಕಬ್ಬಿಣದ ಸಾಮಾನಿನ ಅಂಗಡಿ. ಆತ ಬಂದು ಮೀಟರಣ್ಣನ ಕೊರಳಪಟ್ಟಿ ಹಿಡಿದು ಹೊರಗೆಳೆದ. "ಮನೆಮನೆ ಒಳಗೆ ನುಗ್ಗೋ ಕೆಲಸ ಇಟ್ಕೊಂಡು ಇದೇನಾ ಮಾಡೋದು ನೀನು?" ಎಂದ. ಕ್ಯಾಮೆರಾ ಕಿತ್ತುಕೊಂಡ. ಅದರಲ್ಲಿ ನೋಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಒಳಗಿನ ಮೆಮೊರಿ ಕಾರ್ಡನ್ನು ತೆಗೆದು ಎಲ್ಲರೆದುರು ಎರಡು ತುಂಡು ಮಾಡಿದ.

"ಹಕ್ಕಿ ತೆಗೀತಿದ್ದೆ, ಸಾರ್. ಅಂಜೂರದಲ್ಲಿ ಗೂಡಿದೆ."

"ಹಕ್ಕಿಯಂತೆ!"

ಆಗ ಅವರು ತಿರುಗಿ ಬಾಗಿಲಲ್ಲಿ ನಿಂತ ಅವಳನ್ನು ನೋಡಿದರು. ಕೊರಳಪಟ್ಟಿ ಇನ್ನೂ ಅವನ ಮುಷ್ಟಿಯಲ್ಲಿತ್ತು. "ಇವಳಿಗೆ ಗೊತ್ತು. ಇವಳು ನೋಡಿದ್ದಾಳೆ. ಇವಳನ್ನೇ ಕೇಳಿ."

ಇಡೀ ಬೀದಿ ಅವಳ ಕಡೆ ತಿರುಗಿತು. ಬಟ್ಟೆ ಹೊಲಿಸುವ ಹೆಂಗಸರೆಲ್ಲ ಅಲ್ಲಿದ್ದರು. ಶಾಲೆಯಿಂದ ಬಂದ ಮಗಳು ಗೇಟಿನ ಕಂಬ ಹಿಡಿದು ನಿಂತಿದ್ದಳು. ಎದುರುಮನೆಯಾಕೆ ಒದ್ದೆ ಕೂದಲಿನಲ್ಲಿ ಅಳುತ್ತಿದ್ದಳು. ಅವಳನ್ನು ಇವಳು ಅಕ್ಕಾ ಎಂದು ಕರೆಯುತ್ತಿದ್ದಳು. ಹಕ್ಕಿ ನನ್ನ ದಾರದಲ್ಲಿ ಗೂಡು ಹೊಲಿಯುತ್ತಿತ್ತು ಎಂದು ಆ ಗುಂಪಿನ ನಡುವೆ ಹೇಳುವುದನ್ನು ನೆನೆದೇ ಅವಳ ಕಿವಿ ಬಿಸಿಯಾಯಿತು. ಗಂಡನನ್ನು ಉಳಿಸಲು ಕಟ್ಟಿದ ಕತೆ ಎನ್ನುತ್ತಾರೆ. ತನ್ನನ್ನೂ ಅವರ ಜೊತೆ ಸೇರಿಸಿ ನಗುತ್ತಾರೆ.

"ನನಗೇನು ಗೊತ್ತು," ಎಂದಳು. "ತಪ್ಪಾಯ್ತು ಅಂದುಬಿಡ್ರಿ. ಮುಗೀಲಿ."

ಅವರು ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಸಿಟ್ಟಿನಿಂದಲ್ಲ. ಓದಿದ ಅಂಕಿ ಸರಿಯೋ ಅಲ್ಲವೋ ಎಂದು ಮತ್ತೊಮ್ಮೆ ಮೀಟರನ್ನು ನೋಡುವವರ ಹಾಗೆ. ಆಮೇಲೆ ನೆಲ ನೋಡಿದರು.

"ತಪ್ಪಾಯ್ತು," ಎಂದರು.

ಮಾರನೇ ದಿನ ಅಂಗಡಿಯವನು ಅಂಜೂರವನ್ನು ಬುಡಕ್ಕೆ ಕಡಿಸಿದ. ಬೀದಿ ಗುಡಿಸುವಾಗ ಮೋರಿಯ ಅಂಚಿನಲ್ಲಿ, ಬಾಡಿದ ಎರಡು ಎಲೆ ಕೆಂಪು ದಾರದಲ್ಲಿ ಇನ್ನೂ ಕೂಡಿಕೊಂಡೇ ಇದ್ದದ್ದನ್ನು ಅವಳು ಕಂಡಳು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ನೋಡಿ, ಪೊರಕೆಯಿಂದ ಕಸದ ಬುಟ್ಟಿಗೆ ತಳ್ಳಿದಳು.

*

ಅವರು ಕಿಟಕಿಯ ಚಿಲಕ ಹಾಕಿದರು. ಆಫೀಸಿನಲ್ಲಿ ಕೇಳಿಕೊಂಡು ಈ ಬೀದಿಯ ಮೀಟರು ಓದುವ ಕೆಲಸ ಬೇರೆಯವರಿಗೆ ಬಿಟ್ಟುಕೊಟ್ಟರು. ಅಂದಿನಿಂದ ತಮ್ಮದೇ ಮನೆಯ ಬಾಗಿಲು ತೆಗೆದು ಹೊರಗೆ ಬರುವಾಗಲೂ ಹೊಸ್ತಿಲಲ್ಲಿ ನಿಂತು, ತಲೆ ತಗ್ಗಿಸಿ, "ಮೀಟರ್!" ಎಂದು ಕೂಗಿಯೇ ಕಾಲು ಹೊರಗಿಡುತ್ತಿದ್ದರು. ಹಾಲು ತರಲು ಹೊರಟರೂ ಅಷ್ಟೇ, ಕಸ ಹಾಕಲು ಹೊರಟರೂ ಅಷ್ಟೇ. ಹೊಸಬರು ಅದನ್ನು ತಮಾಷೆ ಎಂದುಕೊಂಡರು. ಹಳಬರು ಒಬ್ಬರನ್ನೊಬ್ಬರು ನೋಡಿಕೊಂಡರು. ನಿವೃತ್ತಿಯಾದ ಮೇಲೂ ಅದು ನಿಲ್ಲಲಿಲ್ಲ. "ಸಾಕು ಸುಮ್ನಿರ್ರಿ, ಮಾನ ಹೋಗುತ್ತೆ," ಎಂದು ಅವಳು ಒಂದೆರಡು ಸಲ ಅಂದಳು. "ಯಾರದ್ದು?" ಎಂದು ಅವರು ಕೇಳಿದ ಮೇಲೆ ಅವಳು ಮತ್ತೆ ಅನ್ನಲಿಲ್ಲ.

ಆ ದಿನದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು.

ಮಗಳಿಗೆ ಮದುವೆಯಾಯಿತು, ಹೆಣ್ಣುಮಗುವಾಯಿತು. ಅವಳು ಮಗುವನ್ನು ಕರೆತಂದರೆ ಕಂಕುಳಿಂದ ಕೆಳಗಿಳಿಸುತ್ತಿರಲಿಲ್ಲ. ಒಮ್ಮೆ ಅವರು ಮೆಟ್ಟಿಲ ಮೇಲೆ ಕೂತು ಮೊಮ್ಮಗಳ ಕಣ್ಣಿಗೆ ದುರ್ಬೀನು ಹಿಡಿದು, "ತಂತಿ ಮೇಲೆ ನೋಡು ಪುಟ್ಟಿ, ಬಾಲ ಕುಣಿಸ್ತಿದೆ ನೋಡು," ಎನ್ನುತ್ತಿದ್ದರು. ಮಗಳು ಸ್ನಾನದಿಂದ ಅರ್ಧಕ್ಕೇ ಬಂದು, ಒದ್ದೆ ಕೈಯಲ್ಲೇ ಮಗುವನ್ನು ಎತ್ತಿಕೊಂಡು ಒಳಗೆ ಹೊರಟಳು. ದುರ್ಬೀನಿನ ಪಟ್ಟಿ ಮಗುವಿನ ಕೊರಳಿಗೆ ಸಿಕ್ಕಿ ಅವರನ್ನೂ ಒಂದು ಹೆಜ್ಜೆ ಜೊತೆಗೆ ಎಳೆಯಿತು. ಆಮೇಲೆ ಪಟ್ಟಿ ಬಿಡಿಸಿ, "ಹೋಗು, ಅಮ್ಮ ಕರೀತಿದ್ದಾಳೆ," ಎಂದರು.

ಹೆಂಡತಿ ಮೆಷಿನ್ನಿನ ಮುಂದೆ ಕೂತು ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ಎಲ್ಲ ಅರ್ಥವಾಯಿತು. ಈಗ ಹೇಳಬೇಕು ಎಂದುಕೊಂಡಳು. ಹೇಳಿದರೆ, ಆಗ ಯಾಕೆ ಹೇಳಲಿಲ್ಲ ಎನ್ನುವ ಪ್ರಶ್ನೆ ಬರುತ್ತದೆ. ದಾರವನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದಳು.

*

ತಾಯಿ ಎದ್ದು ಅಡುಗೆಮನೆಗೆ ಬಂದಾಗ ಮಗಳು ನಲ್ಲಿ ಬಿಟ್ಟು ಸುಮ್ಮನೆ ನೀರು ಹರಿಸುತ್ತ ನಿಂತಿದ್ದಳು.

"ಕೇಳಿಸ್ಕೊಂಡ್ಯಾ?" ಎಂದಳು ತಾಯಿಯನ್ನು ನೋಡದೆ. "ಅಲ್ಲೂ ಅದೇ. ಮಾಡಿದ್ದು ಮನಸ್ಸಲ್ಲಿ ಕೊರೀತಿತ್ತು ಅಂತ ಕಾಣುತ್ತೆ. ಅವರು ಅದನ್ನ ಜೋಕು ಅಂದ್ಕೊಂಡು ನಗ್ತಿದ್ದಾರೆ. ಬೀದಿಯವರೆಲ್ಲ ಕೂತಿದ್ದಾರೆ, ಅಮ್ಮ. ಇವತ್ತಾದ್ರೂ ಬಿಡಬಾರದಾ ಅದು ನಮ್ಮನ್ನ?"

"ನಲ್ಲಿ ನಿಲ್ಸು."

ಮಗಳು ನಿಲ್ಲಿಸಿದಳು.

"ನಿಮ್ಮಪ್ಪ ಏನೂ ಮಾಡಿರ್ಲಿಲ್ಲ."

"ಈಗ ಹಾಗೇ ಅನ್ನಬೇಕು. ಸರಿ."

"ಅನ್ನೋಕೆ ಅಂತ ಅನ್ತಿಲ್ಲ. ಆ ಫೋಟೋ ನಾನು ನೋಡಿದ್ದೆ. ಅವಳು ಕಿರುಚೋಕೆ ಮುಂಚೇನೇ. ನನ್ನನ್ನ ಕರೆದು ತೋರಿಸಿದ್ರು. ಹಕ್ಕಿ, ಎರಡು ಎಲೆ, ನನ್ನ ಮೆಷಿನ್ನಿನ ದಾರ. ಕಿಟಕಿ ಮುಚ್ಚಿತ್ತು."

ಮಗಳು ತಿರುಗಿದಳು. ತುಂಬ ಹೊತ್ತು ತಾಯಿಯ ಮುಖದಲ್ಲಿ ಏನೋ ಹುಡುಕಿದಳು.

"ಯಾವ ಬಣ್ಣದ ದಾರ?"

"ಕೆಂಪು."

"ನೀನು ಗೊತ್ತಿಲ್ಲ ಅಂದೆ. ನಾನು ಗೇಟಲ್ಲೇ ನಿಂತಿದ್ದೆ. ಅಪ್ಪ ನಿನ್ನನ್ನ ಕೇಳಿ ಅಂದ್ರು, ನೀನು ಗೊತ್ತಿಲ್ಲ ಅಂದೆ. ಅದಕ್ಕೇ ನಾನು ನಂಬಿದ್ದು. ಅಂಗಡಿಯವನ ಮಾತಿಗಲ್ಲ."

"ಹೂಂ."

"ನಾನು ಮಗೂನ ಒಂದು ದಿನಾನೂ ಅವರ ಹತ್ರ ಬಿಡ್ಲಿಲ್ಲ. ಯಾಕೆ ಅಂತ ನಿನಗೆ ಗೊತ್ತಿತ್ತಾ?"

ತಾಯಿ ಬೆರಳಿನ ಮೇಲಿನ ರಕ್ತದ ಚುಕ್ಕೆಯನ್ನು ಸೆರಗಿಗೆ ಒರೆಸಿಕೊಂಡಳು.

"ಗೊತ್ತಿತ್ತು."

"ಅಪ್ಪನಿಗೆ?"

"ಅವರಿಗೂ."

ತಾಯಿ ಕೈ ಚಾಚಿದಳು. ಮಗಳು ಹಿಂದೆ ಸರಿದ ರಭಸಕ್ಕೆ ಪಾತ್ರೆಯೊಂದು ಕೆಳಗೆ ಬಿದ್ದು ಸುತ್ತಿ ಸುತ್ತಿ ನಿಂತಿತು. ಒಳಗಿನಿಂದ ಅತ್ತೆ, "ಏನ್ರೇ ಅದು?" ಎಂದಳು.

"ನನಗೆ ಹೇಳಿ ಹಗುರಾಗ್ಬೇಡ," ಎಂದಳು ಮಗಳು ಕೊನೆಗೆ. ದನಿ ಅಪ್ಪನದರಂತೆ ತಗ್ಗಿತ್ತು. "ಎದುರುಮನೆಗೆ ಹೋಗಿ ಹೇಳು. ಅಪ್ಪನ್ನ ಎತ್ತೋದ್ರೊಳಗೆ."

ಆಮೇಲೆ ಫೋನು ತೆಗೆದು ಗಂಡನಿಗೆ ಮಾಡಿದಳು. "ಎಲ್ಲಿದೀರ? ವಾಪಸ್ ಹೋಗಿ. ಮಗೂನ ಕರ್ಕೊಂಡೇ ಬನ್ನಿ... ಕಾಯ್ತಾರೆ. ನಾನು ಹೇಳ್ತೀನಿ, ಕಾಯ್ತಾರೆ."

*

ತಾಯಿ ಮುಂದಿನ ಕೋಣೆಗೆ ಬಂದು ಗಂಡನ ಕಾಲ ಬಳಿ ಕೂತು, ಸಡಿಲವಾಗಿದ್ದ ಗಂಟನ್ನು ಪೂರ್ತಿ ಬಿಚ್ಚಿ ಶೂ ತೆಗೆದಳು. ಅಂಗಾಲು ತಣ್ಣಗಿತ್ತು. ಎಡಗಾಲಿನ ಶೂವಿನ ಪಕ್ಕ ಅದನ್ನು ಜೋಡಿಸಿಟ್ಟು ಎದ್ದಳು.

"ಎಲ್ಲಿಗೇ?" ಎಂದಳು ಅತ್ತೆ.

"ಇಲ್ಲೇ, ಅತ್ತಿಗೆ."

ಅಂಗಳದಲ್ಲಿ ಕೂತವರು ದಾರಿ ಬಿಟ್ಟರು. ಬೀದಿ ದಾಟಲು ಹೆಚ್ಚು ಹೊತ್ತು ಬೇಡ. ಅಷ್ಟು ವರ್ಷ ಅವಳು ಅದನ್ನು ದಾಟಿರಲಿಲ್ಲ, ಸುತ್ತು ಹಾಕಿ ದಿನಸಿ ಅಂಗಡಿಗೆ ಹೋಗುತ್ತಿದ್ದಳು. ಎದುರುಮನೆಯ ಬಾಗಿಲು ಮುಚ್ಚಿತ್ತು. ಸಾವಿನ ಮನೆಗೆ ಬರಲೂ ಆಗದೆ, ಬರದೇ ಇರಲೂ ಆಗದೆ ಒಳಗೆ ಕೂತವರ ಮನೆಯ ಮೌನ ಅಲ್ಲಿತ್ತು. ಅಂಜೂರದ ಬುಡದ ಮೇಲೆ ನೆಲ ಒರೆಸುವ ಬಕೆಟ್ಟನ್ನು ಬೋರಲು ಹಾಕಿದ್ದರು.

ಬೆನ್ನ ಹಿಂದೆ ಕುಟ್ಟಾಣಿಯ ಏಟು ಮತ್ತೆ ಶುರುವಾಯಿತು. ಢಣ್, ಢಣ್. ಆಮೇಲೆ ಕಿರ್ರೆಂದು ಉದ್ದಕ್ಕೆ ಒಂದು ಸದ್ದು. "ಬಂತು ನೋಡು, ಮುದಿ ಚಿಲಕ!" ಎಂದ ಅತ್ತೆಯ ದನಿ ಬಯಲಿನಲ್ಲಿ ಕೇಳಿದ ಹಾಗೆ ಸ್ಪಷ್ಟವಾಗಿ ಕೇಳಿಸಿತು. ಈಗ ಒಳಗೆ ಕೂತವರೆಲ್ಲರಿಗೂ ತಾನು ಕಾಣುತ್ತಿದ್ದೇನೆ ಎಂದು ತಿರುಗಿ ನೋಡದೆಯೇ ಅವಳಿಗೆ ತಿಳಿಯಿತು. ಮಲಗಿದವರ ಮುಖವೂ ಈ ಕಡೆಗೇ ಇತ್ತು.

ಅವಳು ಗೇಟಿನ ಮುಂದೆ ನಿಂತಳು. ಅಕ್ಕಾ ಎಂದು ಕರೆಯಲು ಬಾಯಿ ತೆರೆದಳು. ಆ ಮಾತು ಎಲ್ಲಿ ಇಟ್ಟಿದ್ದಳೋ ಸಿಗಲಿಲ್ಲ. ತಲೆ ತಾನಾಗಿ ತಗ್ಗಿತು. ಕಣ್ಣಿಗೆ ನೆಲ ಮಾತ್ರ ಕಾಣುತ್ತಿತ್ತು.

"ಮೀಟರ್!" ಎಂದು ಕೂಗಿದಳು.

ಒಳಗೆ ಏನನ್ನೋ ಕೆಳಗಿಟ್ಟ ಸದ್ದಾಯಿತು. ತಿಂಗಳು ತಿಂಗಳೂ ಹೇಳಿ ರೂಢಿಯಾದ ಹೆಂಗಸಿನ ದನಿಯೊಂದು, ಯಾರು ಏನೆಂದು ಯೋಚಿಸದೆ, ಬಚ್ಚಲ ಕಡೆಯಿಂದ ಬಂತು:

"ಗೇಟು ತೆಗ್ದೇ ಇದೆ, ಒಳಗೆ ಬನ್ನಿ."